ಬೈಸಿಕಲ್ಲಿಗೊಂದು ದಾರಿ: ಡೇವಿಸ್ ಎಂಬ ಊರಿನ ಕಥೆ

ಅಮೆರಿಕದಿಂದ ಹಿಂದಿರುಗಿದ ವೃದ್ಧರನ್ನು ನಮ್ಮ ಬಂಧುಬಳಗದವರು ಕೇಳುವ ಪ್ರಶ್ನೆಗಳು ನಾಲ್ಕೋ ಐದೋ ಮಾತ್ರ. ನಯಾಗರ ನೋಡಿದಿರಾ? ಚಳಿ ಹೇಗಿತ್ತು? ಊಟಕ್ಕೇನು ಮಾಡಿಕೊಂಡಿರಿ? ನಾನು ನಯಾಗರವನ್ನು ನೋಡಲಿಲ್ಲ. ಎರಡು ಸಲವೂ ನಾನು ಇದ್ದುದು ಕ್ಯಾಲಿಫೋರ್ನಿಯಾದ ಡೇವಿಸ್ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ. ಅಲ್ಲಿ ಕಂಡ ಅತಿ ದೊಡ್ಡ ಅದ್ಭುತವೆಂದರೆ ರಸ್ತೆಯ ಅಂಚಿನಲ್ಲಿ ಬಳಿದಿದ್ದ ಒಂದು ಬಿಳಿಯ ಗೆರೆ ಎಂದರೆ ಕೇಳಿದವರು ನಕ್ಕುಬಿಡುತ್ತಾರೆ. ಆದರೆ ಕಳೆದ ತಿಂಗಳು, ನಮ್ಮ ಶಾಲೆಯಲ್ಲಿ ಓದಿ ಈಗ ವಿಶ್ವವಿದ್ಯಾನಿಲಯವೊಂದರಲ್ಲಿ ಪಾಠ ಹೇಳುತ್ತಿರುವ ಶಿಷ್ಯರೊಬ್ಬರು ಬರೆದ ಪತ್ರ ಆ ಗೆರೆಯನ್ನು ಮತ್ತೆ ನೆನಪಿಗೆ ತಂದಿತು. ಅವರ ಆವರಣದ ಹೆಬ್ಬಾಗಿಲಿನಲ್ಲಿ ಬಸ್ಸಿಳಿದ ವಿದ್ಯಾರ್ಥಿಗಳು ತರಗತಿ ಸೇರುವಷ್ಟರಲ್ಲಿ ಕಾರು, ಟೆಂಪೊ, ಲಾರಿಗಳ ನಡುವೆ ಜೀವವನ್ನು ಕೈಯಲ್ಲಿ ಹಿಡಿದು ನಡೆಯಬೇಕಂತೆ. "ಎಲ್ಲಿಯಾದರೂ ಇದನ್ನು ಸರಿಪಡಿಸಿದ್ದುಂಟೇ ಸಾರ್?" ಎಂದು ಅವರು ಕೇಳಿದ್ದಾರೆ. ಉಂಟು. ಸರಿಪಡಿಸಿದ ಮೇಲೆ ಅದು ತಾನಾಗಿ ಉಳಿಯಲಿಲ್ಲ ಎಂಬುದೂ ಆ ಕಥೆಯ ಭಾಗವೇ ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಡೇವಿಸ್ ಇರುವುದು ಕ್ಯಾಲಿಫೋರ್ನಿಯಾದ ನಡುಕಣಿವೆಯಲ್ಲಿ, ರಾಜಧಾನಿ ಸ್ಯಾಕ್ರಮೆಂಟೊವಿನಿಂದ ಸುಮಾರು 24 ಕಿಲೋಮೀಟರ್ ಪಶ್ಚಿಮಕ್ಕೆ. ನೆಲ ಅಂಗೈಯಂತೆ ಸಮತಟ್ಟು. 1868ರಲ್ಲಿ ರೈಲು ಬಂದಾಗ ಹುಟ್ಟಿದ ಊರು. ಅಲ್ಲಿ ದನಕರು, ಹೊಲಗಳನ್ನು ಇಟ್ಟುಕೊಂಡಿದ್ದ ಜೆರೋಮ್ ಡೇವಿಸ್ ಎಂಬವನ ಹೆಸರೇ ಊರಿಗೂ ಬಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮುಖ್ಯ ನೆಲೆ ಬರ್ಕ್ಲಿಯ ಗುಡ್ಡಗಳಲ್ಲಿತ್ತು. ಗುಡ್ಡದ ಮೇಲೆ ಬೇಸಾಯ ಕಲಿಸುವುದು ಹೇಗೆ? 1905ರಲ್ಲಿ ಶಾಸನಸಭೆ ವಿಶ್ವವಿದ್ಯಾನಿಲಯಕ್ಕೊಂದು ಹೊಲ ಬೇಕೆಂದು ಕಾನೂನು ಮಾಡಿತು, ಡೇವಿಸ್ ಆಯ್ಕೆಯಾಯಿತು, ಕೆಲವೇ ವರ್ಷಗಳಲ್ಲಿ ಪಾಠಗಳು ಮೊದಲಾದವು. ಅರ್ಧ ಶತಮಾನದವರೆಗೆ ಅದು ಹಾಲು, ದ್ರಾಕ್ಷಿ, ಟೊಮೇಟೊ, ಪಶುವೈದ್ಯಗಳ ಶಾಲೆಯಾಗಿಯೇ ಉಳಿಯಿತು. ಇವತ್ತಿಗೂ ಆವರಣದ ನಡುವೆ ಹೋಗುವಾಗ ಗಾಳಿ ತಿರುಗಿದರೆ ಕೊಟ್ಟಿಗೆಯ ವಾಸನೆ ಬರುತ್ತದೆ. ಹಳ್ಳಿಯಲ್ಲಿ ಹುಟ್ಟಿದ ನನಗೆ ಅದರಿಂದ ಊರು ಬೇಗನೆ ಆಪ್ತವಾಯಿತು.

1959ರಲ್ಲಿ ಡೇವಿಸ್ ಎಲ್ಲ ವಿಷಯಗಳನ್ನೂ ಕಲಿಸುವ ಪೂರ್ಣ ಪ್ರಮಾಣದ ನೆಲೆಯೆಂದು ಘೋಷಿತವಾಯಿತು. ಆ ವರ್ಷವೇ ಎಮಿಲ್ ಮ್ರಾಕ್ ಅಲ್ಲಿನ ಛಾನ್ಸಲರ್ ಆದರು. ಅಲ್ಲಿ ಛಾನ್ಸಲರ್ ಎಂದರೆ ನಮ್ಮ ರಾಜ್ಯಪಾಲರು ವಹಿಸುವಂತಹ ಗೌರವದ ಸ್ಥಾನವಲ್ಲ. ನಮ್ಮ ಕುಲಪತಿಗಳಂತೆ ದಿನನಿತ್ಯದ ಆಡಳಿತ ನಡೆಸುವವರು. ಮ್ರಾಕ್ ಆಹಾರ ವಿಜ್ಞಾನಿ, ಯೀಸ್ಟ್ ಎಂಬ ಹುದುಗುಜೀವಿಗಳ ಕುರಿತು ಹೆಸರಾಂತ ಸಂಶೋಧಕರು. ನಗರಯೋಜನೆಗೂ ಯೀಸ್ಟಿಗೂ ಸಂಬಂಧವಿಲ್ಲ. ಆದರೆ ಆ ಮನುಷ್ಯನಿಗೆ ಒಂದು ವಿಷಯ ಸ್ಪಷ್ಟವಾಗಿ ಹೊಳೆದಿತ್ತು: ವಿದ್ಯಾರ್ಥಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟಾಗಲಿದೆ, ಪ್ರತಿಯೊಬ್ಬರೂ ಕಾರು ತಂದರೆ ಹೊಲವಿದ್ದ ಕಡೆಯೆಲ್ಲ ಕಾರು ನಿಲ್ಲಿಸುವ ಬಯಲುಗಳಾಗುತ್ತವೆ. ಮರಗಳ ಸಾಲಿನಡಿ ಬೈಸಿಕಲ್ ತುಳಿದುಕೊಂಡು ಓಡಾಡುವಂತಹ ಆವರಣವನ್ನು ರೂಪಿಸಿರೆಂದು ಅವರು ಶಿಲ್ಪಿಗಳಿಗೆ ಸೂಚಿಸಿದರು. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ, ಬರುವಾಗ ಬೈಸಿಕಲ್ ತನ್ನಿರೆಂದು ಪತ್ರಗಳು ಹೋದವು. 1960ರ ದಶಕದ ನಡುಭಾಗದಲ್ಲಿ ಆವರಣದ ಒಡಲನ್ನೇ ಖಾಸಗಿ ಕಾರುಗಳಿಗೆ ಮುಚ್ಚಲಾಯಿತು. ಕಾರು ತಂದವರು ಅಂಚಿನಲ್ಲಿ ನಿಲ್ಲಿಸಿ ಒಳಗೆ ನಡೆಯಬೇಕು.

ಇದನ್ನು ಹೇಳಿದಷ್ಟು ಸುಲಭವಾಗಿ ಮಾಡಲಾಗುವುದಿಲ್ಲ. ನಮ್ಮ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣದ ರಸ್ತೆಗಳು ಹೊರಗಿನ ವಾಹನಗಳಿಗೂ ಹಾದಿಯಾಗಿದ್ದುವೆಂಬುದು ನಿಮಗೆ ತಿಳಿದೇ ಇದೆ. 2022ರ ಅಕ್ಟೋಬರ್ ತಿಂಗಳಲ್ಲಿ ಆವರಣದೊಳಗೇ ವಿದ್ಯಾರ್ಥಿನಿಯೊಬ್ಬಳು ಬಸ್ಸಿನ ಅಪಘಾತಕ್ಕೀಡಾಗಿ, ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೊರಗಿನ ವಾಹನಗಳನ್ನು ಒಳಗೆ ಬಿಡಬೇಡಿರೆಂದು ಅವಳ ಸಹಪಾಠಿಗಳು ರಸ್ತೆಯಲ್ಲಿ ಕುಳಿತರು. ಡೇವಿಸಿನಲ್ಲಿ ಆ ಮಾತನ್ನು ಆಡಳಿತ ನಡೆಸುವವರೇ ಮೊದಲು ಹೇಳಿದರು, ಕಟ್ಟಡಗಳು ಏಳುವ ಮೊದಲೇ ಹೇಳಿದರು. ವ್ಯತ್ಯಾಸವಿರುವುದು ಅಲ್ಲಿ.

ಆವರಣದ ಒಳಗೆ ಹೀಗೆ ದಾರಿಯಾಯಿತು. ಆದರೆ ವಿದ್ಯಾರ್ಥಿಗಳು, ಅಧ್ಯಾಪಕರು ಮನೆಮಾಡಿದ್ದು ಊರಿನಲ್ಲಿ. ಆವರಣದ ಗಡಿ ದಾಟಿದೊಡನೆ ಬೈಸಿಕಲ್ಲಿನವನು ಮತ್ತೆ ಕಾರುಗಳ ಹಿಂಡಿನ ನಡುವೆ ಬೀಳುತ್ತಿದ್ದನು. 1960ರಲ್ಲಿ ಸುಮಾರು 9 ಸಾವಿರವಿದ್ದ ಊರಿನ ಜನಸಂಖ್ಯೆ 1970ರ ವೇಳೆಗೆ 23 ಸಾವಿರವನ್ನು ದಾಟಿತು. ಕಾರುಗಳೂ ಅಷ್ಟೇ ವೇಗವಾಗಿ ಬೆಳೆದವು. ಆ ಕಾಲದ ಅಮೆರಿಕದಲ್ಲಿ ಬೈಸಿಕಲ್ ಎಂದರೆ ಮಕ್ಕಳ ಆಟಿಕೆ. ಹದಿನಾರು ತುಂಬಿ ಕಾರಿನ ಪರವಾನಗಿ ಸಿಕ್ಕಿತೆಂದರೆ ಅದನ್ನು ಮೂಲೆಗೆ ಎಸೆಯುವುದು ವಾಡಿಕೆ. ನಮ್ಮಲ್ಲಿ ಅದೇ ವರ್ಷಗಳಲ್ಲಿ ಬೈಸಿಕಲ್ ಮದುವೆಯ ಉಡುಗೊರೆಯಾಗಿತ್ತು, ಪೋಸ್ಟ್‌ಮ್ಯಾನ್, ಹಾಲಿನವರು, ಮೇಷ್ಟ್ರು ಎಲ್ಲರ ವಾಹನವಾಗಿತ್ತು ಎಂಬುದನ್ನು ಮರೆಯದೆ ಮುಂದಿನದನ್ನು ಓದಬೇಕು.

1963ರಲ್ಲಿ ಡೇವಿಸಿನ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದ ಫ್ರಾಂಕ್ ಚೈಲ್ಡ್ ಮತ್ತು ಅವರ ಪತ್ನಿ ಈವ್, ಮಕ್ಕಳೊಂದಿಗೆ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಕೆಲಕಾಲ ಇದ್ದು ಬಂದರು. ಡಚ್ಚರ ಊರಿನಲ್ಲಿ ಬೈಸಿಕಲ್ಲಿಗೆಂದೇ ದಾರಿಗಳಿದ್ದುವು. ಮುದುಕಿಯರೂ ಮಕ್ಕಳೂ ಹೆದರಿಕೆಯಿಲ್ಲದೆ ಓಡಾಡುತ್ತಿದ್ದರು. ಹಿಂದಿರುಗಿದ ದಂಪತಿಗಳು ಊರಿನ ಪತ್ರಿಕೆಗೆ ಪತ್ರ ಬರೆದರು: ನಮ್ಮದೂ ಅಷ್ಟೇ ಚಪ್ಪಟೆಯಾದ ಊರು, ನಮ್ಮ ರಸ್ತೆಗಳು ಅವರವುಗಳಿಗಿಂತಲೂ ಅಗಲ, ನಮಗೇಕೆ ಇದು ಸಾಧ್ಯವಾಗಬಾರದು ಎಂಬುದು ಅವರ ವಾದ. ಸಂಪಾದಕರಿಗೆ ಬರೆದ ಪತ್ರಗಳಿಂದ ಏನಾಗುತ್ತದೆ ಎಂದು ನಾವೆಲ್ಲ ಹೇಳುವುದುಂಟು. ಈ ಪತ್ರದಿಂದ ಒಂದು ಗುಂಪು ಹುಟ್ಟಿತು. ಬೈಸಿಕಲ್ ಕುರಿತು ಅಧ್ಯಯನ ಮಾಡುವ ನಾಗರಿಕರ ಮಂಡಳಿ. ಡೇಲ್ ಲಾಟ್ ಮತ್ತು ಡೋನಾ ಲಾಟ್ ಎಂಬ ದಂಪತಿಗಳೂ ಅದರಲ್ಲಿದ್ದರು. ಡೇಲ್ ಲಾಟ್ ಪ್ರಾಣಿಗಳ ನಡವಳಿಕೆಯ ವಿದ್ವಾಂಸ. ಮುಂದೆ ಅಮೆರಿಕದ ಕಾಡೆಮ್ಮೆಗಳ ಬಗ್ಗೆ ಒಳ್ಳೆಯ ಪುಸ್ತಕವನ್ನೇ ಬರೆದವರು. ಹಿಂಡುಗಳು ಹೇಗೆ ಚಲಿಸುತ್ತವೆ ಎಂಬುದನ್ನು ಬಲ್ಲವರು ಸಂಚಾರದ ಸಮಿತಿಯಲ್ಲಿ ಇರುವುದು ಸರಿಯೇ ಅಲ್ಲವೇ!

ನಗರಸಭೆ ಒಪ್ಪಲಿಲ್ಲ. ರಸ್ತೆ ಎಲ್ಲರದು, ಬೈಸಿಕಲ್ಲಿನವರಿಗೆ ಬೇರೆ ಪಾಲೇಕೆ ಎನ್ನುವವರಿದ್ದರು. ಗೆರೆಯೆಳೆದರೆ ಸುರಕ್ಷಿತವೆಂಬ ಭ್ರಮೆ ಹುಟ್ಟೀತು ಎನ್ನುವವರಿದ್ದರು. ಕಾರು ನಿಲ್ಲಿಸುವ ಜಾಗ ಕಡಿಮೆಯಾಗುವುದೆಂಬ ಅಳುಕು ಎಲ್ಲ ಕಾಲದ, ಎಲ್ಲ ಊರಿನ ಅಂಗಡಿಯವರಲ್ಲಿಯೂ ಇರುವಂಥದು. ಮಂಡಳಿಯವರು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ಅದಕ್ಕೂ ನಗರಸಭೆ ಜಗ್ಗದಿದ್ದಾಗ, 1966ರ ನಗರಸಭಾ ಚುನಾವಣೆಯಲ್ಲಿ ಬೈಸಿಕಲ್ ಪಥವೇ ಪ್ರಶ್ನೆಯಾಯಿತು. ಅದನ್ನು ಬೆಂಬಲಿಸಿದ ಮೇನಾರ್ಡ್ ಸ್ಕಿನ್ನರ್ ಮತ್ತು ನಾರ್ಮನ್ ವುಡ್‌ಬರಿ ಗೆದ್ದರು. ಬೈಸಿಕಲ್ಲಿಗಾಗಿ ಮತ ಕೇಳಿ ಗೆದ್ದವರ ಉದಾಹರಣೆ ಇತಿಹಾಸದಲ್ಲಿ ಹೆಚ್ಚಿಲ್ಲ.

ಗೆದ್ದ ಮೇಲೆ ಮತ್ತೊಂದು ತೊಡಕು. ರಾಜ್ಯದ ವಾಹನ ಕಾಯಿದೆಯಲ್ಲಿ ಬೈಸಿಕಲ್ ಪಥವೆಂಬ ಪದಾರ್ಥವೇ ಇರಲಿಲ್ಲ. ಇಲ್ಲದ್ದನ್ನು ನಗರಸಭೆ ರಸ್ತೆಯ ಮೇಲೆ ಬಳಿಯುವಂತಿಲ್ಲ. ಆದುದರಿಂದ ಕಾಯಿದೆಯನ್ನೇ ತಿದ್ದಿಸಬೇಕಾಯಿತು. 1967ರಲ್ಲಿ ಆ ತಿದ್ದುಪಡಿಗೆ ಅಂಕಿತ ಹಾಕಿದ ರಾಜ್ಯಪಾಲರು, ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಅದೇ ವರ್ಷದ ಜುಲೈ ತಿಂಗಳಲ್ಲಿ ಎಂಟನೆಯ ಬೀದಿಯಲ್ಲಿ ಗೆರೆ ಬಿದ್ದಿತು. ಅಮೆರಿಕದಲ್ಲಿ ನಗರಸಭೆಯೊಂದು ರಸ್ತೆಯ ಮೇಲೆ ಬೈಸಿಕಲ್ಲಿಗೆಂದು ಗುರುತಿಸಿದ ಮೊದಲ ಪಥವೆಂದು ಇದನ್ನೇ ಹೇಳುತ್ತಾರೆ. ಪತ್ರದಿಂದ ಗೆರೆಯವರೆಗೆ ಸುಮಾರು ನಾಲ್ಕು ವರ್ಷಗಳು.

ಅವರು ಒಂದೇ ಬಗೆಯ ದಾರಿಗೆ ಅಂಟಿಕೊಳ್ಳಲಿಲ್ಲ ಎಂಬುದು ನನಗೆ ಮೆಚ್ಚುಗೆಯಾದ ಅಂಶ. ಮೂರು ಬಗೆಗಳನ್ನು ಪರೀಕ್ಷಿಸಿ ನೋಡಿದರು. ಓಡುವ ಕಾರುಗಳಿಗೂ ನಿಂತ ಕಾರುಗಳಿಗೂ ನಡುವೆ ಗೆರೆಯೆಳೆದ ಪಥ ಒಂದು. ನಿಂತ ಕಾರುಗಳಿಗೂ ಕಾಲುದಾರಿಗೂ ನಡುವೆ ಮರೆಯಾಗಿರುವ ಪಥ ಇನ್ನೊಂದು. ರಸ್ತೆಯಿಂದ ಪೂರ್ತಿ ಬೇರೆಯಾದ ದಾರಿ ಮೂರನೆಯದು. ಎರಡನೆಯದೇ ಹೆಚ್ಚು ಸುರಕ್ಷಿತವೆಂದು ಯಾರಿಗಾದರೂ ತೋರುತ್ತದೆ. ಆದರೆ ಅಡ್ಡರಸ್ತೆಗೆ ತಿರುಗುವ ಚಾಲಕನಿಗೆ ನಿಂತ ಕಾರುಗಳ ಹಿಂದಿನಿಂದ ಬರುವ ಬೈಸಿಕಲ್ ಕಾಣುತ್ತಿರಲಿಲ್ಲ, ಅದನ್ನು ಕೈಬಿಟ್ಟರು. ಇತ್ತೀಚಿನ ವರ್ಷಗಳಲ್ಲಿ ಕೂಡುರಸ್ತೆಗಳ ವಿನ್ಯಾಸ ಸುಧಾರಿಸಿದ ಮೇಲೆ ಅಂತಹ ಪಥಗಳು ಅಮೆರಿಕದ ಹಲವು ನಗರಗಳಿಗೆ ಮರಳಿ ಬಂದಿವೆ. ಈ ಪ್ರಯೋಗಗಳನ್ನು ರಾಬರ್ಟ್ ಸೊಮ್ಮರ್ ಎಂಬ ಮನಶ್ಶಾಸ್ತ್ರಜ್ಞರೂ ಡೇಲ್ ಲಾಟರೂ ಕಣ್ಣಿಟ್ಟು ನೋಡಿ ಬರೆದಿಟ್ಟರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಬೈಸಿಕಲ್ ದಾರಿಗಳಿಗೆ ಅಳತೆ, ನಿಯಮಗಳನ್ನು ರೂಪಿಸುವಾಗ ಡೇವಿಸಿನ ಅನುಭವವೇ ಕೈಪಿಡಿಯಾಯಿತು.

ಇನ್ನು ಬಸ್ಸಿನ ಕಥೆ. ಕಣಿವೆಯ ಚಳಿಗಾಲದಲ್ಲಿ ಮಳೆ ಸುರಿಯುತ್ತದೆ, ಕೆಲವು ದಿನ ನೆಲಕ್ಕಂಟಿದ ಮಂಜು ಎಷ್ಟು ದಟ್ಟವೆಂದರೆ ಎದುರಿನ ಮನೆಯೇ ಕಾಣದು. ಹೊಸ ವಿದ್ಯಾರ್ಥಿ ನಿವಾಸಗಳು ಊರಿನ ಹೊರವಲಯಗಳಲ್ಲಿ ಏಳುತ್ತಿದ್ದವು. 1968ರ ಫೆಬ್ರವರಿಯಲ್ಲಿ ವಿದ್ಯಾರ್ಥಿ ಸಂಘದವರು ಒಂದು ವಿನೋದದ ಕೆಲಸ ಮಾಡಿದರು. ಲಂಡನ್ ನಗರ ತನ್ನ ಸೇವೆಯಿಂದ ನಿವೃತ್ತಿಗೊಳಿಸಿದ್ದ ಎರಡು ಕೆಂಪು ಡಬಲ್ ಡೆಕ್ಕರ್ ಬಸ್ಸುಗಳನ್ನು ಕೊಂಡು ತಂದು ಓಡಿಸತೊಡಗಿದರು. ಯೂನಿಟ್ರಾನ್ಸ್ ಎಂದು ಹೆಸರು. ಚಾಲಕರು ವಿದ್ಯಾರ್ಥಿಗಳು. ರಸ್ತೆಯ ಬಲಭಾಗದಲ್ಲಿ ವಾಹನಗಳು ಹೋಗುವ ದೇಶದಲ್ಲಿ, ನಮ್ಮ ಬಸ್ಸುಗಳಂತೆ ಬಲಗಡೆ ಕುಳಿತು ಚಕ್ರ ಹಿಡಿಯಬೇಕು! ಬೆಂಗಳೂರಿನ ಬಿ.ಟಿ.ಎಸ್. ಡಬಲ್ ಡೆಕ್ಕರಿನ ಮೇಲಂತಸ್ತಿನ ಮುಂದಿನ ಆಸನಕ್ಕಾಗಿ ತಳ್ಳಾಡಿದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಅಲ್ಲಿಯೂ ಹುಡುಗರಿಗೆ ಅದೇ ಆಸನವೇ ಬೇಕಿತ್ತಂತೆ.

ತಮಾಷೆಯಾಗಿ ಹುಟ್ಟಿದ್ದು ತಮಾಷೆಯಾಗಿ ಉಳಿಯಲಿಲ್ಲ. 1970ರ ದಶಕದ ಆರಂಭದಲ್ಲಿ ನಗರಸಭೆಯೊಂದಿಗೆ ಒಪ್ಪಂದವಾಗಿ ಊರಿನ ಜನರಿಗೂ ಬಸ್ಸಿನಲ್ಲಿ ಪ್ರವೇಶ ದೊರೆಯಿತು. ಬೇರೆ ಊರುಗಳಲ್ಲಿ ನಗರದ ಸಾರಿಗೆ ವಿಶ್ವವಿದ್ಯಾನಿಲಯಕ್ಕೆ ಹೋಗುತ್ತದೆ. ಇಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ನಗರಕ್ಕೆ ಸಾರಿಗೆ ಕೊಟ್ಟರು. ಮಾರ್ಗಗಳು ಆವರಣದ ನಿಲ್ದಾಣಗಳಿಂದ ಹೊರಟು, ನಿವಾಸಗಳ ಬಾಗಿಲುಗಳನ್ನು ಮುಟ್ಟಿ, ಮತ್ತೆ ಆವರಣಕ್ಕೇ ಬರುತ್ತವೆ. ತರಗತಿಗಳ ಗಂಟೆಗೆ ಬಸ್ಸಿನ ವೇಳೆ ಹೊಂದಿಕೊಂಡಿದೆ. ನಾನು ಹತ್ತಿದ ಬಸ್ಸಿನ ಚಾಲಕಿ ಇಪ್ಪತ್ತರ ಹುಡುಗಿ. ನಿಲ್ದಾಣದಲ್ಲಿ ಎರಡು ನಿಮಿಷ ಬಿಡುವು ಸಿಕ್ಕಾಗ ರಸಾಯನಶಾಸ್ತ್ರದ ಟಿಪ್ಪಣಿ ತಿರುವಿ ಹಾಕುತ್ತಿದ್ದಳು. ಮರುದಿನ ಪರೀಕ್ಷೆಯೆಂದು ಕೇಳಿ ತಿಳಿದೆ. ನಾನು ಇಳಿಯುವಾಗ ಮೆಟ್ಟಿಲನ್ನು ನೆಲಕ್ಕೆ ತಗ್ಗಿಸಿ, ಅವಸರವಿಲ್ಲವೆಂದು ಕೈಸನ್ನೆ ಮಾಡಿದಳು.

ಆವರಣದೊಳಗಿನ ಬೈಸಿಕಲ್ ಸಂಚಾರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಎರಡು ದಾರಿಗಳು ಸೇರುವೆಡೆಯಲ್ಲಿ ದೀಪವೂ ಇಲ್ಲ, ಪೊಲೀಸರೂ ಇಲ್ಲ. ಬೈಸಿಕಲ್ಲಿಗೆಂದೇ ಕಟ್ಟಿದ ಪುಟ್ಟ ವೃತ್ತಗಳಿವೆ, ನಮ್ಮ ಮೈಸೂರಿನ ಸರ್ಕಲ್ಲುಗಳ ಮರಿಗಳಂತೆ. ಒಳಗಿರುವವರಿಗೆ ದಾರಿ ಬಿಟ್ಟು ನುಗ್ಗಬೇಕು. ತರಗತಿಗಳ ನಡುವಿನ ಹತ್ತು ನಿಮಿಷಗಳಲ್ಲಿ ಆ ವೃತ್ತಗಳು ಜೇನುಗೂಡಿನಂತೆ ಮೊರೆಯುತ್ತವೆ. ಸೆಪ್ಟೆಂಬರ್ ಕೊನೆಯಲ್ಲಿ ಹೊಸಬರು ಬಂದ ಮೊದಲ ವಾರ, ಹಳೆಯ ವಿದ್ಯಾರ್ಥಿಗಳು ಹುಲ್ಲಿನ ಮೇಲೆ ಕುಳಿತು ಯಾರು ಯಾರಿಗೆ ಢಿಕ್ಕಿ ಹೊಡೆಯುತ್ತಾರೆಂದು ನೋಡಿ ನಗುವುದು ಅಲ್ಲಿನ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ದುರಸ್ತಿಗೆ ವಿದ್ಯಾರ್ಥಿ ಸಂಘದ್ದೇ ಅಂಗಡಿಯಿದೆ. ಪದವಿ ಪಡೆದು ಹೋದವರು ಬಿಟ್ಟುಹೋದ ಬೈಸಿಕಲ್ಲುಗಳನ್ನು ವಿಶ್ವವಿದ್ಯಾನಿಲಯ ಸಂಗ್ರಹಿಸಿ ಹರಾಜು ಹಾಕುತ್ತದೆ.

ಇದೆಲ್ಲದರ ನಡುವೆ ಬರಿಗಾಲಿನವನ ಪಾಡೇನು? ನನ್ನಂತಹ ನಿಧಾನದ ಮುದುಕ ಆ ಹತ್ತು ನಿಮಿಷಗಳಲ್ಲಿ ದಾರಿ ದಾಟುವುದೆಂದರೆ ತುಂಬಿದ ಹೊಳೆ ದಾಟಿದಂತೆ. ಕಾರಿನಿಂದ ಕಾಪಾಡಿದವರು ಬೈಸಿಕಲ್ಲಿನಿಂದ ನಡೆಯುವವರನ್ನು ಕಾಪಾಡುವ ವಿಷಯಕ್ಕೆ ಅಷ್ಟೇ ಗಮನ ಕೊಟ್ಟಿಲ್ಲವೆಂದು ನನ್ನ ಅಭಿಪ್ರಾಯ. ಮಗಳು ಇದನ್ನು ಒಪ್ಪುವುದಿಲ್ಲ. ನಾನು ಕಲಿತುಕೊಂಡ ಉಪಾಯವೆಂದರೆ ಗಂಟೆ ಬಾರಿಸುವವರೆಗೆ ಓಕ್ ಮರದಡಿಯ ಬೆಂಚಿನಲ್ಲಿ ಕುಳಿತಿರುವುದು, ದಾರಿ ಖಾಲಿಯಾದ ಮೇಲೆ ಏಳುವುದು.

ಊರನ್ನು ಆವರಣಕ್ಕೆ ಜೋಡಿಸುವಲ್ಲಿ ದೊಡ್ಡ ಅಡ್ಡಿಗಳು ಎರಡು: ರೈಲುಹಳಿ ಮತ್ತು ಎಂಬತ್ತನೆಯ ಸಂಖ್ಯೆಯ ಹೆದ್ದಾರಿ. ಹೆದ್ದಾರಿಯ ದಕ್ಷಿಣಕ್ಕೆ ಬಡಾವಣೆಗಳು ಬೆಳೆದಂತೆ ಅಲ್ಲಿಯ ಮಕ್ಕಳು ಶಾಲೆಗೆ, ವಿದ್ಯಾರ್ಥಿಗಳು ಆವರಣಕ್ಕೆ ದಾಟುವುದೇ ಸಮಸ್ಯೆಯಾಯಿತು. ಹಳಿಯ ಕೆಳಗೆ 1917ರಲ್ಲಿ ಕಟ್ಟಿದ ಇಕ್ಕಟ್ಟಾದ ಸುರಂಗದಾರಿಯೊಂದು ಇದೆ, ರಿಚರ್ಡ್ಸ್ ರಸ್ತೆಯಲ್ಲಿ. ಅದನ್ನು ಕಾರುಗಳಿಗಾಗಿ ಅಗಲಮಾಡಬೇಕೆಂಬ ಪ್ರಸ್ತಾಪವನ್ನು 1997ರಲ್ಲಿ ಜನರು ಮತ ಹಾಕಿ ತಿರಸ್ಕರಿಸಿದರು. ಅಗಲ ಮಾಡಿದರೆ ಊರಿನ ನಡುವೆ ಕಾರುಗಳ ಪ್ರವಾಹ ಹರಿಯುವುದೆಂಬ ಭಯ. ನಡೆಯುವವರಿಗೂ ಬೈಸಿಕಲ್ಲಿಗೂ ಮಾತ್ರ ಬೇರೆ ದಾರಿಗಳನ್ನು ಕಟ್ಟಿದರು. ಹೆದ್ದಾರಿಯ ಮೇಲೆ ಹಾಯುವ ಸೇತುವೆಯೊಂದಕ್ಕೆ ಡೇವ್ ಪೆಲ್ಜ್ ಎಂಬವರ ಹೆಸರಿಟ್ಟಿದ್ದಾರೆ. ಅವರು ಮಂತ್ರಿಗಳಲ್ಲ, ದಾನಿಗಳಲ್ಲ. ಮೊದಲ ಗೆರೆಗಳ ಕಾಲದಿಂದ ದುಡಿದ ನಗರಸಭೆಯ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥರು. ಇಂಜಿನಿಯರ್ ಆಗಿರುವ ನನ್ನ ಶಿಷ್ಯರು ಇದನ್ನು ಗಮನಿಸಬೇಕು. ಇದೇ ಊರಿನಲ್ಲಿ 1990ರ ದಶಕದಲ್ಲಿ ಮೇಲ್ಸೇತುವೆ ಕಟ್ಟುವಾಗ ಕಪ್ಪೆಗಳು ರಸ್ತೆ ದಾಟಲು ನೆಲದಡಿ ಒಂದು ಕೊಳವೆ ಹಾಕಿದರು. ಕಪ್ಪೆಗಳು ಅದನ್ನು ಬಳಸಿದವೇ ಎಂಬುದರ ಬಗ್ಗೆ ಊರಿನವರು ಈಗಲೂ ನಗುತ್ತಾ ಚರ್ಚಿಸುತ್ತಾರೆ.

ಇಷ್ಟಾದ ಮೇಲೆ ಎಲ್ಲವೂ ಸುಖಾಂತವೆಂದು ನೀವು ಭಾವಿಸಬಹುದು. ಜನಗಣತಿಯ ಅಂಕಿಗಳು ಬೇರೆಯೇ ಹೇಳುತ್ತವೆ. 1980ರಲ್ಲಿ ಡೇವಿಸಿನ ಉದ್ಯೋಗಸ್ಥರಲ್ಲಿ ಸುಮಾರು ಶೇಕಡಾ 28 ಮಂದಿ ಬೈಸಿಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. 1990ರಲ್ಲಿ ಅದು 22ಕ್ಕೆ, 2000ದಲ್ಲಿ ಸುಮಾರು 14ಕ್ಕೆ ಇಳಿಯಿತು. 2005ರಲ್ಲಿ ಅಮೆರಿಕದ ಬೈಸಿಕಲ್ ಸವಾರರ ಸಂಘ ಡೇವಿಸಿಗೆ ಪ್ಲಾಟಿನಂ ದರ್ಜೆಯ ಗೌರವವನ್ನು ಕೊಟ್ಟಿತು, ಆ ಮಟ್ಟ ತಲಪಿದ ಮೊದಲ ಊರೆಂದು. ಗೌರವ ಬರುವ ಹೊತ್ತಿಗೆ ಸವಾರರ ಪಾಲು ಅರ್ಧಕ್ಕಿಳಿದಿತ್ತು! ದಾರಿಗಳೇನೂ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿದ್ದುವು.

ಕಾರಣಗಳನ್ನು ಹುಡುಕಿದರೆ ಒಂದು ವಿಚಿತ್ರ ಹೊರಬರುತ್ತದೆ. 1990ರ ಸುಮಾರಿಗೆ ಪದವಿ ವಿದ್ಯಾರ್ಥಿಗಳು ತಮ್ಮ ಶುಲ್ಕದಲ್ಲಿಯೇ ಬಸ್ಸಿನ ಹಣವನ್ನೂ ಸೇರಿಸಲು ಒಪ್ಪಿಕೊಂಡರು. ಗುರುತಿನ ಚೀಟಿ ತೋರಿಸಿದರೆ ಸಾಕು, ಟಿಕೆಟ್ಟಿಲ್ಲ. ಬಸ್ಸುಗಳು ತುಂಬಿದವು. ಹಾಗೆ ಹತ್ತಿದವರಲ್ಲಿ ಹಲವರು ಕಾರು ಬಿಟ್ಟು ಬಂದವರಲ್ಲ, ಬೈಸಿಕಲ್ ಬಿಟ್ಟು ಬಂದವರು. ಒಂದು ಒಳ್ಳೆಯ ಕೆಲಸ ಇನ್ನೊಂದು ಒಳ್ಳೆಯ ಕೆಲಸದ ಜನರನ್ನು ಸೆಳೆದುಕೊಂಡಿತು. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಮಳೆಯಲ್ಲಿ ನೆನೆದು ಬರುವ ಹುಡುಗಿಗೆ ಬಸ್ಸು ಬೇಡವೆನ್ನಲು ನಾನು ಯಾರು? ಇದಕ್ಕಿಂತ ದೊಡ್ಡ ಕಾರಣ ಮನೆಗಳದು. ಊರಿಗೆ ಒಳ್ಳೆಯ ಹೆಸರು ಬಂದಿತು, ಶಾಲೆಗಳು ಚೆನ್ನಾಗಿದ್ದುವು, ಊರು ಬೆಳೆಯಬಾರದೆಂದು ಊರಿನವರೇ ಬಿಗಿಹಿಡಿದರು. ಮನೆಯ ಬೆಲೆ ಏರಿತು. ಸ್ಯಾಕ್ರಮೆಂಟೊದಲ್ಲಿ ಕೆಲಸ ಮಾಡುವವರು ಡೇವಿಸಿನಲ್ಲಿ ಮನೆ ಕೊಂಡು ಕಾರಿನಲ್ಲಿ ಹೊರಗೆ ಹೋಗತೊಡಗಿದರು. ವಿಶ್ವವಿದ್ಯಾನಿಲಯದ ಗುಮಾಸ್ತರು, ಪ್ರಯೋಗಾಲಯದ ಸಹಾಯಕರು, ಹೊಸ ಅಧ್ಯಾಪಕರು ಅಗ್ಗದ ಮನೆಗಾಗಿ ಬೇರೆ ಊರುಗಳಿಗೆ ಹೋಗಿ ಅಲ್ಲಿಂದ ಕಾರಿನಲ್ಲಿ ಒಳಗೆ ಬರತೊಡಗಿದರು. ಮೂವತ್ತು ಕಿಲೋಮೀಟರ್ ದೂರದಿಂದ ಬರುವವನಿಗೆ ಎಂಟನೆಯ ಬೀದಿಯ ಗೆರೆಯಿಂದ ಉಪಯೋಗವೇನು? ಬೈಸಿಕಲ್ ದಾರಿಯ ಇತಿಹಾಸವನ್ನು ಓದುತ್ತಾ ಹೋದ ನಾನು ಬಾಡಿಗೆಯ ದರಪಟ್ಟಿಗೆ ಬಂದು ನಿಂತೆ.

ನಮ್ಮ ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ ಆರಂಭವಾದಾಗ ನನಗೆ ಬಹಳ ಸಂತೋಷವಾಗಿತ್ತು. ಆದರೆ ಸೈಕಲ್ ಕೊಟ್ಟು ದಾರಿ ಕೊಡದಿರುವುದು, ಮಗುವಿಗೆ ಸ್ಲೇಟು ಕೊಟ್ಟು ಬಳಪ ಕೊಡದಂತೆ ಎಂದು ಆಗಲೂ ಅನ್ನಿಸಿತ್ತು. ಡೇವಿಸಿನಲ್ಲಿ ಇದು ತಿರುವುಮುರುವು: ದಾರಿ ಮೊದಲು, ಬಾಡಿಗೆಯ ವಿದ್ಯುತ್ ಸೈಕಲ್ ಬಂದದ್ದು 2018ರಲ್ಲಿ. ಆ ಯೋಜನೆ 2020ರ ಮಹಾಮಾರಿಯಲ್ಲಿ ನಿಂತುಹೋದಾಗ ಊರಿನ ಸಂಚಾರಕ್ಕೆ ಹೆಚ್ಚಿನ ತೊಂದರೆಯೇನೂ ಆಗಲಿಲ್ಲ. ಸ್ವಂತ ಸೈಕಲ್ಲುಗಳೂ ದಾರಿಗಳೂ ಇದ್ದುವಲ್ಲ.

ದೂರದಿಂದ ಬರುವವರ ಪ್ರಶ್ನೆಗೆ ಉತ್ತರಗಳು ನಿಧಾನವಾಗಿ ಬರುತ್ತಿವೆ. 1991ರ ಡಿಸೆಂಬರಿನಿಂದ ಸ್ಯಾಕ್ರಮೆಂಟೊ ಹಾಗೂ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ನಗರಗಳ ನಡುವೆ ಓಡುತ್ತಿರುವ ಕ್ಯಾಪಿಟಲ್ ಕಾರಿಡಾರ್ ರೈಲು ಡೇವಿಸಿನಲ್ಲಿ ನಿಲ್ಲುತ್ತದೆ. ಬೈಸಿಕಲ್ಲನ್ನು ಬೋಗಿಯೊಳಗೇ ಒಯ್ಯಬಹುದು, ನಿಲ್ದಾಣದಿಂದ ಆವರಣ ಐದು ನಿಮಿಷದ ಸವಾರಿ. ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರವಿರುವುದು ಸ್ಯಾಕ್ರಮೆಂಟೊದಲ್ಲಿ. ಎರಡೂ ಆವರಣಗಳ ನಡುವೆ 2020ರ ಮೇ ತಿಂಗಳಿನಲ್ಲಿ ವಿದ್ಯುತ್ ಬಸ್ಸುಗಳ ಸೇವೆ ಆರಂಭವಾಯಿತು. ಎಲ್ಲರೂ ಮನೆಯಲ್ಲಿ ಕುಳಿತಿದ್ದ ಆ ಬೇಸಿಗೆಯಲ್ಲಿ ಖಾಲಿ ಬಸ್ಸುಗಳು ಓಡಿದವಂತೆ. ಎರಡನೆಯ ಸಲ ಹೋಗಿದ್ದಾಗ ಮಗಳು ನನ್ನನ್ನು ಆ ಬಸ್ಸಿನಲ್ಲಿ ಒಮ್ಮೆ ಕರೆದೊಯ್ದಳು. ಆಗ ನಾವು ನಿಂತೇ ಹೋಗಬೇಕಾಯಿತು. ಆಸ್ಪತ್ರೆಯ ಹಸಿರು ಬಟ್ಟೆ ತೊಟ್ಟಿದ್ದ ಹುಡುಗನೊಬ್ಬ ಎದ್ದು ನನಗೆ ಜಾಗ ಕೊಟ್ಟನು.